ಕೆಮಿಕಲ್ ಎಂಜಿನಿಯರ್‌ಗೆ ಯುಪಿಎಸ್‌ಸಿ: ಕೆಮಿಸ್ಟ್ರಿ ತಗೊಳ್ಳೋದಾ, ಕೆಮಿಕಲ್ ಎಂಜಿನಿಯರಿಂಗೇ ತಗೊಳ್ಳೋದಾ?

ಕೆಮಿಕಲ್ ಎಂಜಿನಿಯರಿಂಗ್ ಓದಿ ಸಿವಿಲ್ ಸರ್ವಿಸ್ ಕಡೆ ಹೊರಟವರಿಗೆ ಮೊದಲ ನಿರಾಸೆ ಐಚ್ಛಿಕ ವಿಷಯಗಳ ಪಟ್ಟಿಯಲ್ಲೇ ಕಾದಿರುತ್ತದೆ. ಐಎಎಸ್, ಐಪಿಎಸ್‌ಗೆ ಆಯ್ಕೆ ಮಾಡುವ ನಾಗರಿಕ ಸೇವಾ ಪರೀಕ್ಷೆಯ ಪಟ್ಟಿಯಲ್ಲಿ ಸಿವಿಲ್ ಇದೆ, ಮೆಕ್ಯಾನಿಕಲ್ ಇದೆ, ಎಲೆಕ್ಟ್ರಿಕಲ್ ಇದೆ. ಕೆಮಿಕಲ್ ಇಲ್ಲ. ಎಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆಗೆ ಹೋದರೂ ಅದೇ ಕಥೆ. ಅಲ್ಲೂ ನಮ್ಮ ಬ್ರಾಂಚ್‌ಗೆ ಬಾಗಿಲು ಮುಚ್ಚಿದೆ.

ಯುಪಿಎಸ್‌ಸಿಯಲ್ಲಿ ಕೆಮಿಕಲ್ ಎಂಜಿನಿಯರಿಂಗನ್ನು ಐಚ್ಛಿಕ ವಿಷಯವಾಗಿ ಬರೆಯಲು ಸಿಗುವುದು ಭಾರತೀಯ ಅರಣ್ಯ ಸೇವೆಯ ಪರೀಕ್ಷೆಯಲ್ಲಿ. ಕೇಳಿದರೆ ನಗು ಬರಬಹುದು. ರಿಯಾಕ್ಟರ್ ಓದಿದವನಿಗೆ ಕಾಡಿನಲ್ಲೇನು ಕೆಲಸ ಅಂತ. ಸಿಲೆಬಸ್ ತೆರೆದು ನೋಡಿದರೆ ಸಂಬಂಧ ಗೊತ್ತಾಗುತ್ತದೆ, ಅದನ್ನು ಆಮೇಲೆ ಹೇಳ್ತೀನಿ.

ಹಾಗಾಗಿ "ಯಾವ ಆಪ್ಷನಲ್ ಒಳ್ಳೇದು?" ಅನ್ನುವ ಪ್ರಶ್ನೆಗೆ ಮುಂಚೆ "ಯಾವ ಪರೀಕ್ಷೆ?" ಅನ್ನುವುದು ಇತ್ಯರ್ಥವಾಗಬೇಕು. ಎರಡರಲ್ಲೂ ಆಪ್ಷನಲ್‌ಗೆ ಇರುವ ತೂಕವೇ ಬೇರೆ.

ಅಂಕದ ಲೆಕ್ಕ

ಪ್ರಿಲಿಮ್ಸ್ ಎರಡಕ್ಕೂ ಒಂದೇ. 2013ರಿಂದ ಹಾಗೇ ನಡೆದು ಬಂದಿದೆ. ಅರ್ಜಿಯಲ್ಲಿ ಎರಡನ್ನೂ ಕೇಳಿದ್ದರೆ ಒಂದೇ ಪ್ರಶ್ನೆಪತ್ರಿಕೆ, ಎರಡು ಪ್ರತ್ಯೇಕ ಕಟ್ ಆಫ್. ಅರಣ್ಯ ಸೇವೆಗೆ ಹುದ್ದೆ ಕಮ್ಮಿ, ಈಚಿನ ವರ್ಷಗಳಲ್ಲಿ 150ರ ಆಸುಪಾಸು ಅಥವಾ ಅದಕ್ಕೂ ಕಮ್ಮಿ. ನಾಗರಿಕ ಸೇವೆಯಲ್ಲಿ ಸುಮಾರು 1000. ಹಾಗಾಗಿ ಅರಣ್ಯ ಸೇವೆಯ ಪ್ರಿಲಿಮ್ಸ್ ಕಟ್ ಆಫ್ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಇದನ್ನು ಮರೆತು ಬರೀ ಆಪ್ಷನಲ್ ಓದುತ್ತಾ ಕೂತರೆ ಮೇನ್ಸ್ ಹಾಲ್ ಮುಖವನ್ನೇ ನೋಡುವುದಿಲ್ಲ.

ಮೇನ್ಸ್‌ನಲ್ಲಿ ದಾರಿ ಕವಲೊಡೆಯುತ್ತದೆ. ನಾಗರಿಕ ಸೇವೆಯಲ್ಲಿ ಪ್ರಬಂಧಕ್ಕೆ 250, ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆಗಳಿಗೆ 1000, ಒಂದು ಐಚ್ಛಿಕ ವಿಷಯದ ಎರಡು ಪತ್ರಿಕೆಗೆ 500. ಒಟ್ಟು 1750. ಸಂದರ್ಶನ 275. ಅರಣ್ಯ ಸೇವೆಯಲ್ಲಿ ಜನರಲ್ ಇಂಗ್ಲಿಷ್ 300, ಜನರಲ್ ನಾಲೆಡ್ಜ್ 300, ಮತ್ತೆ ಎರಡು ಐಚ್ಛಿಕ ವಿಷಯಗಳು. ಒಂದೊಂದಕ್ಕೆ ಎರಡು ಪತ್ರಿಕೆ, ಪತ್ರಿಕೆಗೆ 200. ಅಂದರೆ 800. ಒಟ್ಟು 1400, ಸಂದರ್ಶನ 300.

ಒಂದು ಕಡೆ 1750ಕ್ಕೆ 500, ಇನ್ನೊಂದು ಕಡೆ 1400ಕ್ಕೆ 800. ನೂರಕ್ಕೆ 29 ಎಲ್ಲಿ, 57 ಎಲ್ಲಿ! ನಾಲ್ಕು ವರ್ಷ ಎಂಜಿನಿಯರಿಂಗ್ ಮನಸ್ಸಿಟ್ಟು ಓದಿದವರಿಗೆ ಆ ಓದು ನಿಜವಾಗಿ ಅಂಕವಾಗಿ ಬದಲಾಗುವುದು ಅರಣ್ಯ ಸೇವೆಯಲ್ಲೇ. ನಾಗರಿಕ ಸೇವೆಯಲ್ಲಿ ಗೆಲ್ಲಿಸುವುದು, ಸೋಲಿಸುವುದು ಹೆಚ್ಚಾಗಿ ಸಾಮಾನ್ಯ ಅಧ್ಯಯನ ಮತ್ತು ಪ್ರಬಂಧ.

ಕೆಮಿಸ್ಟ್ರಿ ಮತ್ತು ಕೆಮಿಕಲ್: ಹೆಸರು ಹತ್ತಿರ, ಪತ್ರಿಕೆ ದೂರ

"ಕೆಮಿಕಲ್ ಇಲ್ಲ ಅಂದ್ರೆ ಕೆಮಿಸ್ಟ್ರಿ ತಗೊಂಡ್ರಾಯ್ತು, ಎರಡೂ ಒಂದೇ ತಾನೇ?" ಈ ಮಾತನ್ನು ಮನೆಯವರು ಹೇಳಿದರೆ ಪರವಾಗಿಲ್ಲ. ಬಿ.ಇ. ಮುಗಿಸಿದವರೇ ಹೇಳುವುದನ್ನು ಕೇಳಿದ್ದೇನೆ. ಒಂದೇ ವಿಷಯವನ್ನು ಎರಡೂ ಪತ್ರಿಕೆ ಹೇಗೆ ಕೇಳುತ್ತವೆ ನೋಡಿ.

ಫಸ್ಟ್ ಆರ್ಡರ್ ರಿಯಾಕ್ಷನ್, ಅಂದರೆ ವೇಗವು ಸಾಂದ್ರತೆಗೆ ನೇರ ಅನುಪಾತದಲ್ಲಿರುವ ಕ್ರಿಯೆ ತೆಗೆದುಕೊಳ್ಳೋಣ. ಕೆಮಿಸ್ಟ್ರಿ ಪತ್ರಿಕೆಗೆ ಬೇಕಾದದ್ದು ಅಣುವಿನ ಒಳಗಿನ ಕಥೆ. ಒಂದೇ ಅಣು ತಾನಾಗಿ ಒಡೆಯುವ ಕ್ರಿಯೆ ಹೆಚ್ಚು ಒತ್ತಡದಲ್ಲಿ ಫಸ್ಟ್ ಆರ್ಡರ್ ಆಗಿ, ಕಡಿಮೆ ಒತ್ತಡದಲ್ಲಿ ಸೆಕೆಂಡ್ ಆರ್ಡರ್ ಆಗಿ ಕಾಣುವುದು ಯಾಕೆ? ಲಿಂಡೆಮನ್ ವಿವರಣೆ ಬರೆಯಿರಿ, ಸ್ಟೆಡಿ ಸ್ಟೇಟ್ ಅಂದಾಜು ಹಾಕಿ ರೇಟ್ ಸಮೀಕರಣ ತನ್ನಿ. ಉತ್ತರ ಒಂದು ಸಮೀಕರಣದಲ್ಲಿ ಮುಗಿಯುತ್ತದೆ.

ಕೆಮಿಕಲ್ ಎಂಜಿನಿಯರಿಂಗ್ ಪತ್ರಿಕೆಗೆ ಆ ಸಮೀಕರಣ ಬರೀ ಆರಂಭ. ಅದಕ್ಕೆ ಬೇಕಾಗಿರುವುದು ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಅನ್ನುವುದು. ಉದಾಹರಣೆಗೆ, ರೇಟ್ ಕಾನ್‌ಸ್ಟಂಟ್ ನಿಮಿಷಕ್ಕೆ 0.1, ಹರಿವು ನಿಮಿಷಕ್ಕೆ 10 ಲೀಟರ್, ಪರಿವರ್ತನೆ ಶೇ 90 ಆಗಬೇಕು. ಪ್ಲಗ್ ಫ್ಲೋ ರಿಯಾಕ್ಟರ್ (ದ್ರವ ಕಲಕದೆ ಹರಿಯುವ ಕೊಳವೆ) ಆದರೆ 10ರ ನ್ಯಾಚುರಲ್ ಲಾಗ್, ಅಂದರೆ 2.303, ಅದನ್ನು 100ರಿಂದ (ಹರಿವು 10ನ್ನು 0.1ರಿಂದ ಭಾಗಿಸಿದ್ದು) ಗುಣಿಸಿ. 230 ಲೀಟರ್ ಸಾಕು. ಒಂದೇ ಸಿಎಸ್‌ಟಿಆರ್ (ಸದಾ ಕಲಕುತ್ತಿರುವ ಟ್ಯಾಂಕ್ ರಿಯಾಕ್ಟರ್) ಆದರೆ 0.9ನ್ನು 0.1ರಿಂದ ಭಾಗಿಸಬೇಕು, 9 ಬರುತ್ತದೆ. 900 ಲೀಟರ್ ಬೇಕು! ಹೆಚ್ಚುಕಮ್ಮಿ ನಾಲ್ಕು ಪಟ್ಟು. ಕಾರಣ ಸುಲಭ. ಸಿಎಸ್‌ಟಿಆರ್ ಒಳಗೆ ಚೆನ್ನಾಗಿ ಕಲಕಿರುವುದರಿಂದ ಇಡೀ ಟ್ಯಾಂಕು ಹೊರಗೆ ಹೋಗುವ ದ್ರವದಷ್ಟೇ ತೆಳುವಾಗಿರುತ್ತದೆ. ಒಳಗೆ ಬಂದ ಸಾಂದ್ರತೆಯ ಹತ್ತನೇ ಒಂದು ಭಾಗದಲ್ಲೇ ಎಲ್ಲ ಕ್ರಿಯೆ ನಡೆಯಬೇಕು. ಅದೇ ಸಿಎಸ್‌ಟಿಆರನ್ನು ಎರಡು ಸಮ ಟ್ಯಾಂಕುಗಳಾಗಿ ಸಾಲಾಗಿ ಜೋಡಿಸಿದರೆ? 10ರ ವರ್ಗಮೂಲ 3.162, ಅದರಲ್ಲಿ 1 ಕಳೆದರೆ 2.162. ಒಂದೊಂದು ಟ್ಯಾಂಕು 216 ಲೀಟರ್, ಒಟ್ಟು 432. ಒಂದು ಗೋಡೆ ಹಾಕಿದ್ದಕ್ಕೆ ಅರ್ಧಕ್ಕಿಂತ ಜಾಸ್ತಿ ಉಳಿತಾಯ.

ಈ ಲೆಕ್ಕ ಓದುತ್ತಾ ನಿಮಗೆ ಖುಷಿಯಾದರೆ ನಿಮ್ಮ ಪತ್ರಿಕೆ ಕೆಮಿಕಲ್ ಎಂಜಿನಿಯರಿಂಗ್. ಲಿಂಡೆಮನ್ ಕಥೆಯೇ ರುಚಿಸಿದರೆ ಕೆಮಿಸ್ಟ್ರಿ ಕಡೆ ನೋಡಬಹುದು. ಆದರೆ ಒಂದು ಎಚ್ಚರಿಕೆ. ಕೆಮಿಸ್ಟ್ರಿಯ ಮೊದಲ ಪತ್ರಿಕೆಯಲ್ಲಿ ಥರ್ಮೊಡೈನಮಿಕ್ಸ್, ಎಲೆಕ್ಟ್ರೊಕೆಮಿಸ್ಟ್ರಿ, ಕೈನೆಟಿಕ್ಸ್ ಇರುವುದರಿಂದ ನಮ್ಮವರಿಗೆ ಧೈರ್ಯ ಬರುತ್ತದೆ. ಅದರ ಜೊತೆಗೇ ಕೋಆರ್ಡಿನೇಷನ್ ಕಾಂಪೌಂಡ್ಸ್, ಬಯೊಇನಾರ್ಗ್ಯಾನಿಕ್ ಕೂತಿವೆ. ಎರಡನೇ ಪತ್ರಿಕೆ ತೆರೆದರೆ ಹೆಚ್ಚುಕಡಿಮೆ ಪೂರ್ತಿ ಆರ್ಗ್ಯಾನಿಕ್: ರಿಯಾಕ್ಷನ್ ಮೆಕ್ಯಾನಿಸಂ, ಪೆರಿಸೈಕ್ಲಿಕ್ ಕ್ರಿಯೆಗಳು, ರೀಏಜೆಂಟ್‌ಗಳು, ಕೊನೆಗೆ ಸ್ಪೆಕ್ಟ್ರೊಸ್ಕೊಪಿ. ಎಂಎಸ್‌ಸಿ ಮಾಡಿದವರು ಇದನ್ನು ಕಣ್ಣುಮುಚ್ಚಿ ಬರೆಯುತ್ತಾರೆ. ಬಿ.ಇ.ಯವರು ಬಹುಪಾಲು ಹೊಸದಾಗಿ ಕಲಿಯಬೇಕು. ಹೊಸದಾಗಿ ಕಲಿಯುವುದೇ ಆದರೆ ಆಂಥ್ರೊಪಾಲಜಿಯೋ, ಭೂಗೋಳವೋ, ಕನ್ನಡ ಸಾಹಿತ್ಯವೋ ಕಲಿಯಬಹುದಲ್ವಾ? ಅವು ಸಾಮಾನ್ಯ ಅಧ್ಯಯನಕ್ಕೋ ಪ್ರಬಂಧಕ್ಕೋ ಸ್ವಲ್ಪವಾದರೂ ನೆರವಾಗುತ್ತವೆ. ಪೆರಿಸೈಕ್ಲಿಕ್ ಕ್ರಿಯೆ ಯಾವ ಪ್ರಬಂಧಕ್ಕೂ ಆಗುವುದಿಲ್ಲ.

ಇನ್ನು ಮೆಕ್ಯಾನಿಕಲ್. ಥರ್ಮೊ, ಹೀಟ್ ಟ್ರಾನ್ಸ್‌ಫರ್ ಇದೆಯಲ್ಲ ಅಂತ ಅದರ ಕಡೆ ಹೋಗುವವರಿದ್ದಾರೆ. ಮೊದಲ ಪತ್ರಿಕೆ ಪೂರ್ತಿ ಮೆಕ್ಯಾನಿಕ್ಸ್, ಮೆಟೀರಿಯಲ್ಸ್, ಮ್ಯಾನುಫ್ಯಾಕ್ಚರಿಂಗ್. ನನ್ನ ಸಲಹೆ: ಬೇಡ.

ಕೆಮಿಕಲ್ ಎಂಜಿನಿಯರಿಂಗ್ ತೆಗೆದುಕೊಂಡರೆ ಯಾವುದಕ್ಕೆ ಸಮಯ ಕೊಡಬೇಕು

ಪತ್ರಿಕೆಯ ಕಟ್ಟು ಮೊದಲು ತಿಳಿದಿರಲಿ. ಎಂಟು ಪ್ರಶ್ನೆ, ಎರಡು ವಿಭಾಗ. ಐದಕ್ಕೆ ಉತ್ತರ ಬರೆಯಬೇಕು. ಒಂದನೇ ಮತ್ತು ಐದನೇ ಪ್ರಶ್ನೆ ಕಡ್ಡಾಯ, ಅವುಗಳಲ್ಲಿ ಸಣ್ಣ ಸಣ್ಣ ಭಾಗಗಳು, ಒಂದೊಂದಕ್ಕೆ 8 ಅಂಕ. ಉಳಿದ ಮೂರನ್ನು ನೀವು ಆರಿಸಿಕೊಳ್ಳಬಹುದು, ಆದರೆ ಪ್ರತಿ ವಿಭಾಗದಿಂದ ಒಂದಾದರೂ ಇರಬೇಕು. ಪ್ರತಿ ಪ್ರಶ್ನೆಗೆ 40 ಅಂಕ. ಮೂರು ಗಂಟೆಯನ್ನು ಹಂಚಿದರೆ ಒಂದು ಪ್ರಶ್ನೆಗೆ 36 ನಿಮಿಷ, 8 ಅಂಕದ ತುಂಡಿಗೆ ಏಳು ನಿಮಿಷ. ಏಳು ನಿಮಿಷದಲ್ಲಿ ಚಿತ್ರ, ಸಮೀಕರಣ, ಯೂನಿಟ್ ಸಮೇತ ಉತ್ತರ. ಕ್ಯಾಲ್ಕ್ಯುಲೇಟರ್ ಬಿಡುತ್ತಾರೆ, ಪ್ರೋಗ್ರಾಮ್ ಮಾಡುವಂಥದ್ದು ಮಾತ್ರ ಆಗಲ್ಲ.

ಇದರ ಅರ್ಥ: ಯಾವ ವಿಭಾಗವನ್ನೂ ಪೂರ್ತಿ ಬಿಡುವಂತಿಲ್ಲ. ಮೊದಲ ಪತ್ರಿಕೆಯ ಒಂದು ವಿಭಾಗದಲ್ಲಿ ಫ್ಲೂಯಿಡ್, ಮಾಸ್ ಟ್ರಾನ್ಸ್‌ಫರ್, ಹೀಟ್ ಟ್ರಾನ್ಸ್‌ಫರ್. ಇವು ನಮ್ಮ ಅನ್ನ ಸಾರು. ಇನ್ನೊಂದರಲ್ಲಿ ಹೊಸ ಬಗೆಯ ಬೇರ್ಪಡಿಸುವ ವಿಧಾನಗಳು, ಸಲಕರಣೆಗಳ ವಿನ್ಯಾಸ, ಪ್ರೊಸೆಸ್ ಕಂಟ್ರೋಲ್. ಕಂಟ್ರೋಲ್ ಅಂದರೆ ಕಾಲೇಜಿನಲ್ಲೇ ಎಷ್ಟೋ ಜನಕ್ಕೆ ಜ್ವರ ಬರುತ್ತಿತ್ತು. ಇಲ್ಲಿ ಪೂರ್ತಿ ಹೆದರಬೇಕಾಗಿಲ್ಲ. ಫಸ್ಟ್ ಆರ್ಡರ್, ಸೆಕೆಂಡ್ ಆರ್ಡರ್ ಸಿಸ್ಟಂಗಳ ಪ್ರತಿಕ್ರಿಯೆ, ರೌತ್ ಪರೀಕ್ಷೆ, ಪಿಐಡಿ ಕಂಟ್ರೋಲರ್ ಇಷ್ಟು ಗಟ್ಟಿ ಇದ್ದರೆ ಆ ವಿಭಾಗದ ಕಡ್ಡಾಯ ಪ್ರಶ್ನೆಯಲ್ಲಿ ಕೈ ಖಾಲಿ ಬರುವುದಿಲ್ಲ. ನೇವಿಯರ್ ಸ್ಟೋಕ್ಸ್ ಸಮೀಕರಣವನ್ನು ಬಾಯಿಪಾಠ ಮಾಡುತ್ತಾ ವಾರ ಕಳೆಯುವ ಬದಲು ಆ ವಾರವನ್ನು ಡಿಸ್ಟಿಲೇಷನ್‌ಗೆ ಕೊಡಿ. ಮೆಕೇಬ್ ಥೀಲೆ ಚಿತ್ರ ಬಿಡಿಸಿ ಪ್ಲೇಟ್ ಎಣಿಸುವುದು ಕೈಗೆ ರೂಢಿಯಾಗಬೇಕು. ನಿಮಿಷಗಳು ಹೋಗುವುದೇ ಅಲ್ಲಿ.

ಎರಡನೇ ಪತ್ರಿಕೆಯ ಮೊದಲ ವಿಭಾಗ ಮೆಟೀರಿಯಲ್ ಮತ್ತು ಎನರ್ಜಿ ಬ್ಯಾಲೆನ್ಸ್, ಥರ್ಮೊ, ರಿಯಾಕ್ಷನ್ ಎಂಜಿನಿಯರಿಂಗ್. ನನ್ನನ್ನು ಕೇಳಿದರೆ ಓದು ಶುರುವಾಗಬೇಕಾದ್ದು ಇಲ್ಲಿಂದ, ಅದರಲ್ಲೂ ಮೆಟೀರಿಯಲ್ ಬ್ಯಾಲೆನ್ಸ್‌ನಿಂದ. ಒಳಗೆ ಬಂದದ್ದು ಎಲ್ಲಿ ಹೋಯಿತು ಅನ್ನುವ ಈ ಒಂದೇ ಪ್ರಶ್ನೆ ಉಳಿದ ಎಲ್ಲ ಅಧ್ಯಾಯಗಳಲ್ಲೂ ವೇಷ ಬದಲಿಸಿಕೊಂಡು ಬರುತ್ತದೆ. ಸಕ್ಕರೆ ಕಾರ್ಖಾನೆಯ ಎವಾಪೊರೇಟರ್ ನೋಡಿ. ಗಂಟೆಗೆ 100 ಟನ್ ಕಬ್ಬಿನ ರಸ, ಕರಗಿದ ಘನ ಶೇ 15. ಅದನ್ನು ಶೇ 60ಕ್ಕೆ ಏರಿಸಬೇಕು. ಘನ 15 ಟನ್, ಅದು ಎಲ್ಲೂ ಹೋಗುವುದಿಲ್ಲ. 15ನ್ನು 0.60ರಿಂದ ಭಾಗಿಸಿದರೆ 25 ಟನ್ ಸಿರಪ್. ಉಳಿದ 75 ಟನ್ ನೀರು ಆವಿಯಾಗಬೇಕು. ಒಂದೇ ಪಾತ್ರೆಯಲ್ಲಿ ಕುದಿಸಿದರೆ ಹತ್ತಿರ ಹತ್ತಿರ ಅಷ್ಟೇ ಹಬೆ ಬೇಕು. ನಾಲ್ಕು ಎಫೆಕ್ಟ್, ಅಂದರೆ ಸಾಲಾಗಿ ನಾಲ್ಕು ಪಾತ್ರೆ ಇಟ್ಟು ಒಂದರ ಆವಿಯಿಂದ ಇನ್ನೊಂದನ್ನು ಕುದಿಸಿದರೆ ಸುಮಾರು ಕಾಲು ಭಾಗದಲ್ಲಿ ಕೆಲಸ ಮುಗಿಯುತ್ತದೆ. ಮಂಡ್ಯದ ಕಡೆಯವರಿಗೆ ಇದು ದಿನಾ ಕಣ್ಣೆದುರಿಗೆ ಹೊಗೆಯಾಡುವ ಲೆಕ್ಕ.

ಇನ್ನು ಎರಡನೇ ವಿಭಾಗ. ಕಾಡಿನ ಸಂಬಂಧ ಇಲ್ಲಿದೆ. ಕೆಮಿಕಲ್ ಟೆಕ್ನಾಲಜಿಯ ಪಟ್ಟಿ ಶುರುವಾಗುವುದೇ ಮರ ಮತ್ತು ಮರದಿಂದ ಬರುವ ರಾಸಾಯನಿಕಗಳಿಂದ. ಆಮೇಲೆ ಪಲ್ಪ್ ಮತ್ತು ಪೇಪರ್, ಸಕ್ಕರೆ, ಮರದ ಬೀಜಗಳ ಎಣ್ಣೆ, ಸುಗಂಧ ತೈಲ, ಬಯೋಮಾಸ್ ಗ್ಯಾಸಿಫಿಕೇಷನ್. ಪರಿಸರ ಮತ್ತು ಸುರಕ್ಷತೆಯ ಭಾಗದಲ್ಲಿ ಹಜಾಪ್ (ಕಾರ್ಖಾನೆಯ ಅಪಾಯಗಳನ್ನು ಗುರುತಿಸುವ ವಿಧಾನ) ಜೊತೆಗೆ ಜಲ, ವಾಯು, ಪರಿಸರ ಕಾಯ್ದೆಗಳು, ಅರಣ್ಯ ಸಂರಕ್ಷಣಾ ಕಾಯ್ದೆ. ಎಂಜಿನಿಯರಿಂಗ್ ಸಿಲೆಬಸ್‌ನಲ್ಲಿ ಅರಣ್ಯ ಕಾಯ್ದೆ! ಆ 1980ರ ಕಾಯ್ದೆಯ ಹೆಸರನ್ನು 2023ರ ತಿದ್ದುಪಡಿ ಬದಲಾಯಿಸಿದೆ. ಈಗ ಅದು ವನ ಸಂರಕ್ಷಣ್ ಏವಂ ಸಂವರ್ಧನ್ ಅಧಿನಿಯಮ. ಹಳೇ ನೋಟ್ಸ್ ಓದುವವರು ಇದನ್ನು ಗಮನಿಸಲಿ. ಜಲ ಕಾಯ್ದೆ 1974, ವಾಯು ಕಾಯ್ದೆ 1981, ಪರಿಸರ ಸಂರಕ್ಷಣಾ ಕಾಯ್ದೆ 1986. 1984ರ ಭೋಪಾಲ್ ದುರಂತದ ನಂತರ ಬಂದದ್ದು ಈ ಕೊನೆಯದು. ಪ್ರಿಲಿಮ್ಸ್‌ಗೂ ಇವೇ ಬೇಕು, ಹಾಗಾಗಿ ಇಲ್ಲಿ ಓದಿದ್ದು ಎರಡು ಸಲ ಉಪಯೋಗಕ್ಕೆ ಬರುತ್ತದೆ.

ನಮ್ಮ ರಾಜ್ಯದವರಿಗೆ ಈ ವಿಭಾಗದಲ್ಲಿ ಉದಾಹರಣೆಗೆ ಬರವಿಲ್ಲ. ದಾಂಡೇಲಿಯಲ್ಲಿ ಪೇಪರ್ ಮಿಲ್ ಇದೆ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ಗಾಗಿ ಮಲೆನಾಡಿನಲ್ಲಿ ಬೆಳೆಸಿದ ಅಕೇಶಿಯಾ ನೆಡುತೋಪುಗಳಿವೆ. ಕಾರ್ಖಾನೆ ನಿಂತ ಮೇಲೂ 2020ರಲ್ಲಿ ಆ ಅರಣ್ಯ ಭೂಮಿಯ ಗುತ್ತಿಗೆ ನವೀಕರಣದ ಸುತ್ತ ದೊಡ್ಡ ಗಲಾಟೆಯೇ ಆಯಿತು. ಪಲ್ಪ್ ತಯಾರಿಕೆಯ ಚಿತ್ರ ಬರೆಯುವುದು ಲಿಖಿತ ಪರೀಕ್ಷೆಗೆ. ಆ ಗಲಾಟೆ ಯಾಕಾಯಿತು ಅನ್ನುವುದು ಸಂದರ್ಶನಕ್ಕೆ. ಮೈಸೂರಿನಲ್ಲಿ 1916ರಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆ ಸ್ಟೀಮ್ ಡಿಸ್ಟಿಲೇಷನ್‌ಗೆ ಸಿದ್ಧ ಉದಾಹರಣೆ. ಗಂಧದೆಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಬೆರೆಯದ ಎರಡು ದ್ರವಗಳು ಒಟ್ಟಿಗಿದ್ದಾಗ ಎರಡರ ಆವಿ ಒತ್ತಡವೂ ಕೂಡಿಕೊಂಡು ವಾತಾವರಣದ ಒತ್ತಡವನ್ನು ಮುಟ್ಟುತ್ತದೆ. ಅದಕ್ಕೇ ಅಷ್ಟು ಭಾರದ ಎಣ್ಣೆಯೂ 100 ಡಿಗ್ರಿಗಿಂತ ಕೆಳಗೇ ಹಬೆಯ ಜೊತೆ ಹೊರಗೆ ಬರುತ್ತದೆ, ಸುಟ್ಟು ಕೆಡುವುದಿಲ್ಲ.

ಎಕನಾಮಿಕ್ಸ್ ಭಾಗ ಸುಲಭ. ಎನ್‌ಪಿವಿ, ಪೇಬ್ಯಾಕ್, ಬ್ರೇಕ್ ಈವನ್, ಪರ್ಟ್, ಸಿಪಿಎಂ. ಬೇಗ ಮುಗಿಸಿ, ಬಿಡದೆ ಮುಗಿಸಿ.

ಗೇಟ್ (ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಬರೆದವರಿಗೆ ಒಂದು ಮಾತು. ಮೊದಲ ಪತ್ರಿಕೆ ಬಹುಪಾಲು, ಎರಡನೆಯದರ ಅರ್ಧ ಗೇಟ್ ಓದಿನಲ್ಲೇ ಬರುತ್ತದೆ. ಆದರೆ ಗೇಟ್‌ನಲ್ಲಿ ಉತ್ತರದ ಸಂಖ್ಯೆ ಸರಿಯಿದ್ದರೆ ಸಾಕು. ಇಲ್ಲಿ ಊಹೆಗಳನ್ನು ಬರೆದು, ಚಿತ್ರ ಹಾಕಿ, ಹಂತ ಹಂತವಾಗಿ ತೋರಿಸಬೇಕು. ರಫ್ ಹಾಳೆಯಲ್ಲಿ ಗೀಚಿ ಉತ್ತರಕ್ಕೆ ಹಾರುವ ಅಭ್ಯಾಸ ಇದ್ದವರು ಅದನ್ನು ಬಿಡಿಸಿಕೊಳ್ಳಲು ಒಂದೆರಡು ತಿಂಗಳು ಇಟ್ಟುಕೊಳ್ಳಿ.

ಜೊತೆಗೆ ಎರಡನೇ ವಿಷಯ ಯಾವುದು

ಅರಣ್ಯ ಸೇವೆಗೆ ಎರಡು ಐಚ್ಛಿಕ ಬೇಕಲ್ಲ. ಇಲ್ಲಿ ಕೆಲವು ಜೋಡಿಗೆ ಅವಕಾಶವಿಲ್ಲ. ಕೆಮಿಸ್ಟ್ರಿಯನ್ನೂ ಕೆಮಿಕಲ್ ಎಂಜಿನಿಯರಿಂಗನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ. ಎಂಜಿನಿಯರಿಂಗ್ ವಿಷಯಗಳಲ್ಲಿ ಒಂದಕ್ಕಿಂತ ಹೆಚ್ಚು ಕೂಡದು. ಅಲ್ಲಿಗೆ ಉಳಿಯುವವುಗಳಲ್ಲಿ ನಮ್ಮವರು ಗಂಭೀರವಾಗಿ ನೋಡಬೇಕಾದ್ದು ಮೂರು: ಫಾರೆಸ್ಟ್ರಿ, ಜಿಯಾಲಜಿ, ಗಣಿತ.

ಫಾರೆಸ್ಟ್ರಿ ಹೊಸಬರಿಗೂ ಒಗ್ಗುತ್ತದೆ, ಬರೆಯುವ ಉತ್ತರಗಳೇ ಜಾಸ್ತಿ. ನಮಗೆ ಇನ್ನೊಂದು ಲಾಭವಿದೆ. ಅರಣ್ಯ ಉತ್ಪನ್ನಗಳ ಬಳಕೆಯ ಅಧ್ಯಾಯದಲ್ಲಿ ಮರದ ಸೀಸನಿಂಗ್, ಸಂರಕ್ಷಣೆ, ಪಲ್ಪ್, ರೇಯಾನ್, ಅಂಟು, ರಾಳ, ಇದ್ದಿಲು ಬರುತ್ತವೆ. ಸೀಸನಿಂಗ್ ಅಂದರೆ ಡ್ರೈಯಿಂಗ್ ತಾನೇ? ಮಾಸ್ ಟ್ರಾನ್ಸ್‌ಫರ್‌ನಲ್ಲಿ ಓದಿದ್ದೇ. ಒಂದು ಕಡೆಯ ಓದು ಇನ್ನೊಂದು ಕಡೆಗೂ ಆಗುತ್ತದೆ. ಸಂದರ್ಶನದಲ್ಲೂ ಮಾತಾಡಲು ಸರಕು ಸಿಗುತ್ತದೆ. ತೊಂದರೆ ಒಂದೇ: ನಾಗರಿಕ ಸೇವೆಯ ಪಟ್ಟಿಯಲ್ಲಿ ಫಾರೆಸ್ಟ್ರಿ ಇಲ್ಲ.

ಎರಡೂ ಮೇನ್ಸ್ ಬರೆಯುವ ಆಸೆ ಇದ್ದರೆ ಲೆಕ್ಕ ಬದಲಾಗುತ್ತದೆ. ಕೆಮಿಕಲ್ ಎಂಜಿನಿಯರಿಂಗ್ ಜೊತೆ ಜಿಯಾಲಜಿ ಅಥವಾ ಗಣಿತ ಇಟ್ಟುಕೊಂಡರೆ, ಅದೇ ಎರಡನೇ ವಿಷಯವನ್ನು ನಾಗರಿಕ ಸೇವೆಗೂ ಬರೆಯಬಹುದು. ಗಣಿತ ಬಲ್ಲವರಿಗೆ ಅಂಕ ಧಾರಾಳ, ಎಡವಿದರೆ ಪೆಟ್ಟೂ ಜೋರು. ಒಂದು ಸಂಖ್ಯೆ ತಪ್ಪಿದರೆ ಪುಟವೇ ಹೋಗುತ್ತದೆ. ಜೊತೆಗೆ ಕೆಮಿಕಲ್ ಕೂಡ ಲೆಕ್ಕದ ವಿಷಯವೇ. ನಾಲ್ಕೂ ಪತ್ರಿಕೆ ಲೆಕ್ಕವಾದರೆ ತಲೆ ಬಿಸಿಯಾಗುವುದು ಖಂಡಿತ. ಜಿಯಾಲಜಿಯಲ್ಲಿ ನೆನಪಿಡುವುದು, ಚಿತ್ರ ಬಿಡಿಸುವುದು ಹೆಚ್ಚು, ಹಾಗಾಗಿ ಕೆಮಿಕಲ್ ಜೊತೆ ಸರಿದೂಗುತ್ತದೆ. ಎರಡೂ ಪರೀಕ್ಷೆ ಬರೆಯುವವರಿಗೆ ನಾನು ಹೇಳುವ ಜೋಡಿ ಇದೇ. ಬರೀ ಅರಣ್ಯ ಸೇವೆ ಸಾಕು ಅನ್ನುವವರಿಗೆ ಫಾರೆಸ್ಟ್ರಿ.

ಭಾಷೆ, ಕಾಲು ಮತ್ತು ಕೆಎಎಸ್

ಅರಣ್ಯ ಸೇವೆಯ ಮೇನ್ಸ್ ಪೂರ್ತಿ ಇಂಗ್ಲಿಷ್. ಪ್ರಶ್ನೆಯೂ ಇಂಗ್ಲಿಷ್, ಉತ್ತರವೂ ಇಂಗ್ಲಿಷ್. ನಾಗರಿಕ ಸೇವೆಯಲ್ಲಿ ಪ್ರಶ್ನೆಗಳು ಹಿಂದಿ, ಇಂಗ್ಲಿಷ್‌ನಲ್ಲಿ ಬಂದರೂ ಉತ್ತರ ಕನ್ನಡದಲ್ಲಿ ಬರೆಯಬಹುದು. ಕನ್ನಡದಲ್ಲಿ ಬರೆದರೇ ಮನಸ್ಸು ಬಿಚ್ಚಿಕೊಳ್ಳುವುದು ಅನ್ನುವವರು 300 ಅಂಕದ ಜನರಲ್ ಇಂಗ್ಲಿಷ್ ಪತ್ರಿಕೆಯನ್ನು ಹಗುರವಾಗಿ ನೋಡಬೇಡಿ. ಅಂಥವರಿಗೆ ನಾಗರಿಕ ಸೇವೆ ಮತ್ತು ಕನ್ನಡ ಸಾಹಿತ್ಯದ ದಾರಿಯೇ ಹೆಚ್ಚು ನೆಮ್ಮದಿ, ಎಂಜಿನಿಯರಿಂಗ್ ಓದಿದ್ದು ವ್ಯರ್ಥವಾಯಿತು ಅನ್ನುವ ಕೊರಗು ಇಲ್ಲದಿದ್ದರೆ.

ಅರಣ್ಯ ಸೇವೆಗೆ ದೇಹದ ಪರೀಕ್ಷೆಯೂ ಇದೆ. ಗಂಡಸರು ನಾಲ್ಕು ಗಂಟೆಯಲ್ಲಿ 25 ಕಿ.ಮೀ., ಹೆಂಗಸರು 14 ಕಿ.ಮೀ. ನಡೆಯಬೇಕು. ಎತ್ತರ, ಎದೆಯ ಅಳತೆಗೂ ನಿಯಮಗಳಿವೆ. ಓದು ಶುರು ಮಾಡುವ ಮುಂಚೆಯೇ ಆ ವರ್ಷದ ಅಧಿಸೂಚನೆಯಲ್ಲಿ ಇವನ್ನು ನೋಡಿಕೊಳ್ಳಿ.

ಕೆಎಎಸ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಕೆಪಿಎಸ್‌ಸಿ ಮೇನ್ಸ್‌ನಿಂದ ಐಚ್ಛಿಕ ವಿಷಯವನ್ನೇ ತೆಗೆದುಹಾಕಿದ್ದಾರೆ. ಅಲ್ಲಿ ಎಲ್ಲ ಬ್ರಾಂಚ್‌ಗಳೂ ಸಮ. ನಾಗರಿಕ ಸೇವೆಯ ಸಾಮಾನ್ಯ ಅಧ್ಯಯನ ಓದಿದವರು ರಾಜ್ಯದ ವಿಷಯಗಳನ್ನು ಸೇರಿಸಿಕೊಂಡು ಬರೆಯುತ್ತಾರೆ. ನಮ್ಮ ಡಿಗ್ರಿಯೇ ಲೆಕ್ಕಕ್ಕೆ ಬರುವ ರಾಜ್ಯದ ಹುದ್ದೆ ಬೇಕೆಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿ ಹುದ್ದೆಗಳ ಅಧಿಸೂಚನೆ ಮೇಲೆ ಕಣ್ಣಿಡಿ.

ಇಷ್ಟೆಲ್ಲ ಓದಿದ ಮೇಲೂ ತೀರ್ಮಾನ ಆಗದಿದ್ದರೆ ಹೀಗೆ ಮಾಡಿ. ಯುಪಿಎಸ್‌ಸಿ ವೆಬ್‌ಸೈಟಿನಲ್ಲಿ ಹಿಂದಿನ ವರ್ಷದ ಪತ್ರಿಕೆಗಳು ಸುಮ್ನೆ ಸಿಗುತ್ತವೆ. ಅರಣ್ಯ ಸೇವೆಯ ಕೆಮಿಕಲ್ ಎಂಜಿನಿಯರಿಂಗ್ ಎರಡನೇ ಪತ್ರಿಕೆ ಒಂದು, ನಾಗರಿಕ ಸೇವೆಯ ಕೆಮಿಸ್ಟ್ರಿ ಎರಡನೇ ಪತ್ರಿಕೆ ಒಂದು ಇಳಿಸಿಕೊಳ್ಳಿ. ಎರಡರಲ್ಲೂ ಕಡ್ಡಾಯವಾದ ಮೊದಲ ಪ್ರಶ್ನೆಯನ್ನು ಪುಸ್ತಕ ಮುಚ್ಚಿಟ್ಟು, ಗಡಿಯಾರ ಇಟ್ಟುಕೊಂಡು 36 ನಿಮಿಷ ಬರೆಯಿರಿ. ಉತ್ತರ ಸರಿಯೋ ತಪ್ಪೋ ಆಮೇಲೆ ನೋಡಿದರಾಯಿತು. ಯಾವುದರಲ್ಲಿ ಪೆನ್ನು ಓಡಿತು, ಯಾವುದರಲ್ಲಿ ಮೊದಲ ಸಾಲಿಗೇ ನಿಂತಿತು ಅನ್ನುವುದನ್ನು ಮೊದಲು ಗುರುತು ಹಾಕಿಕೊಳ್ಳಿ.